11 ವರ್ಷದ ಮುಧೋಳ ನಾಯಿಗೆ ಏಳಲು ಕಷ್ಟ ಆಗುತ್ತಿದೆ, ಏನು ಮಾಡಲಿ?

ಚಂಪಿಯ ಅವ್ವ, ಜಮಖಂಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಚಂಪಿ ಮುಧೋಳ ತಳಿಯ ಹೆಣ್ಣು ನಾಯಿ. ಈ ಶ್ರಾವಣಕ್ಕೆ 11 ವರ್ಷ ತುಂಬಿತು. ಮೊನ್ನೆ ಮೊನ್ನೆ ತನಕ ಹೊಲಕ್ಕೆ ಗಾಡಿ ಹಿಂದೆ ಓಡಿ ಬರುತ್ತಿದ್ದಳು. ದೀಪಾವಳಿ ಆದ ಮೇಲೆ ಚಳಿ ಬಿತ್ತು ನೋಡಿ, ಆಗಿನಿಂದ ಬೆಳಿಗ್ಗೆ ಏಳುವುದೇ ಕಷ್ಟ. ಹಿಂಗಾಲು ನಡುಗುತ್ತವೆ. ಎರಡು ಸಲ ಕುಸಿದು ಕೂತು, ಮೂರನೇ ಸಲ ಏಳುತ್ತಾಳೆ. ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದ ಮೇಲೆ ಸ್ವಲ್ಪ ಸರಿಯಾಗುತ್ತಾಳೆ.

ಹೋದ ವರ್ಷ ಮನೆಗೆ ಟೈಲ್ಸ್ ಹಾಕಿಸಿದೆವು. ಅಲ್ಲಿಂದ ಅಡುಗೆ ಮನೆಗೆ ಬರುವುದನ್ನೇ ಬಿಟ್ಟಳು. ಪಡಸಾಲೆ ಬಾಗಿಲಲ್ಲಿ ಒಂದು ಕಾಲು ಎತ್ತಿ ನಿಂತು ನನ್ನನ್ನೇ ನೋಡುತ್ತಾಳೆ. ಮುನಿಸಿಕೊಂಡಿದ್ದಾಳೆ ಅಂದುಕೊಂಡಿದ್ದೆ.

ನಮ್ಮ ಅತ್ತೆ "ವಯಸ್ಸಾಯ್ತು, ಇರಲಿ ಬಿಡು" ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಮಾವನವರು ಮೊಣಕಾಲು ನೋವಿಗೆ ತಗೊಳ್ಳೋ ಗುಳಿಗೆ ಮನೆಯಲ್ಲಿದೆ. ಅದರಲ್ಲಿ ಅರ್ಧ ಕೊಡಬಹುದಾ?

ಘಟಪ್ರಭಾ ದಂಡೆ, ಮುಧೋಳ

ಅಕ್ಕಾರೆ, ಮೊದಲು ಗುಳಿಗೆ ವಿಷಯ. ಕೊಡಬೇಡಿ. ಅರ್ಧವೂ ಬೇಡ, ಕಾಲುಭಾಗವೂ ಬೇಡ.

ನಮ್ಮ ನಾಯಿ ಭೈರ್ಯಾನಿಗೆ ನಾನೇ ಕೊಟ್ಟಿದ್ದೆ. ಕುಂಟುತ್ತಿದ್ದ, ನೋಡಲಾಗಲಿಲ್ಲ. ನಮ್ಮಪ್ಪನ ಡೈಕ್ಲೋಫೆನಾಕ್ ಗುಳಿಗೆಯನ್ನು ರೊಟ್ಟಿಯಲ್ಲಿ ಸುತ್ತಿ ಎರಡು ದಿನ ತಿನ್ನಿಸಿದೆ. ಮೂರನೇ ದಿನ ಡಾಂಬರಿನ ಹಾಗೆ ಕಪ್ಪಗೆ ಕಕ್ಕಸು ಮಾಡಿದ, ನೀರೂ ಮುಟ್ಟಲಿಲ್ಲ. ಅದು ಹೊಟ್ಟೆಯೊಳಗಿನ ರಕ್ತ ಅಂತ ಡಾಕ್ಟರ್ ಹೇಳಿದಾಗ ನನ್ನ ಕೈಕಾಲು ತಣ್ಣಗಾದವು. ನಾಲ್ಕು ದಿನ ಸಲೈನ್ ಹಾಕಿಸಿ ಉಳಿಸಿಕೊಂಡೆವು. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿಗೂ ಪೆಟ್ಟು ಕೊಡುತ್ತವೆ. ನಾಯಿಗಳಿಗೆ ಅಂತ ಕಾರ್ಪ್ರೊಫೆನ್, ಮೆಲೋಕ್ಸಿಕ್ಯಾಮ್ ಇವೆ. ಅವನ್ನೂ ಪಶುವೈದ್ಯರೇ ತೂಕ ನೋಡಿ, ರಕ್ತ ಪರೀಕ್ಷೆ ಮಾಡಿಸಿ ಕೊಡಬೇಕು.

ಅತ್ತೆಯವರ ಮಾತಿಗೆ ಒಂದು ಹೇಳುತ್ತೇನೆ, ಬೇಜಾರಾಗಬೇಡಿ. ವಯಸ್ಸು ರೋಗ ಅಲ್ಲ. ಮಲಗಿ ಎದ್ದಾಗ ಬಿಗಿತ, ಓಡಾಡಿದ ಮೇಲೆ ಸಡಿಲ ಅಂದರೆ ಹೆಚ್ಚಾಗಿ ಕೀಲುನೋವೇ. ನಾಯಿ ಅಳುವುದಿಲ್ಲ, ಕೂಗುವುದಿಲ್ಲ. ಸುಮ್ನೆ ಓಡಾಟ ಕಡಿಮೆ ಮಾಡುತ್ತದೆ. ನಾವು ಅದನ್ನು ಸೋಮಾರಿತನ ಅಂದುಕೊಳ್ಳುತ್ತೇವೆ. ಮತ್ತೆ ಉಣ್ಣೆ ಕಚ್ಚಿ ಬರುವ ಜ್ವರದಲ್ಲೂ ಕೀಲು ಬಾಯುತ್ತವೆ. ನಮ್ಮ ಕಡೆ ಉಣ್ಣೆ ಜಾಸ್ತಿ, ಅದಕ್ಕೂ ರಕ್ತ ಪರೀಕ್ಷೆ ಮಾಡಿಸಿ. ಮುಧೋಳ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆಯಲ್ಲ, ಅವರಿಗೆ ಈ ತಳಿ ಚೆನ್ನಾಗಿ ಗೊತ್ತು. ನಿಮಗೆ ದೂರವೂ ಅಲ್ಲ.

ಚಂಪಿ ಮುನಿಸಿಕೊಂಡಿಲ್ಲ ಅಕ್ಕಾರೆ. ಅವಳಿಗೆ ಟೈಲ್ಸ್ ಮೇಲೆ ಹೆದರಿಕೆ. ಒಮ್ಮೆ ಹಿಂಗಾಲು ಎರಡೂ ಕಡೆ ಜಾರಿ ಬಿದ್ದಿದ್ದರೆ ಮತ್ತೆ ಆ ಕಡೆ ಹೋಗುವುದಿಲ್ಲ. ಅವಳು ಓಡಾಡುವ ದಾರಿಗೆ ಜಮಖಾನ ಹಾಸಿ. ಆದರೆ ಜಮಖಾನವೇ ಜಾರುತ್ತದೆ, ಅದರ ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಮಲಗುವ ಜಾಗದಿಂದ ನೀರಿನ ಬೋಗುಣಿ ತನಕ, ಅಲ್ಲಿಂದ ಬಾಗಿಲ ತನಕ, ನಡುವೆ ಒಂದು ಗೇಣೂ ಬರಿ ನೆಲ ಬಿಡಬೇಡಿ. ಭೈರ್ಯಾ ಆ ಒಂದು ಗೇಣಿನ ಮುಂದೆಯೇ ನಿಂತುಬಿಡುತ್ತಿದ್ದ.

ಉಗುರು ನೋಡಿ. ನಡೆಯುವಾಗ ಟಕ್ ಟಕ್ ಸದ್ದು ಬಂದರೆ ಬೆಳೆದಿವೆ. ಉದ್ದ ಉಗುರು ಪಾದವನ್ನು ಹಿಂದಕ್ಕೆ ತಳ್ಳುತ್ತದೆ, ಕೀಲಿನ ಮೇಲೆ ಭಾರ ಬೀಳುತ್ತದೆ. ತುದಿ ಮಾತ್ರ ಕತ್ತರಿಸಿ, ಒಳಗೆ ರಕ್ತನಾಳ ಇರುತ್ತದೆ.

ಇನ್ನು ಹಾಸಿಗೆ. ನಮ್ಮ ತಳಿಗೆ ಮೈಮೇಲೆ ಕೊಬ್ಬೇ ಇಲ್ಲ. ಬರಿ ನೆಲದಲ್ಲಿ ಮಲಗಿದರೆ ಎಲುಬು ನೆಲಕ್ಕೆ ತಾಗುತ್ತದೆ. ಚಂಪಿಯ ಮುಂಗಾಲಿನ ಮೊಣಕೈ ಮುಟ್ಟಿ ನೋಡಿ, ಹಳೆ ಚಪ್ಪಲಿ ತೊಗಲಿನ ಹಾಗೆ ದಪ್ಪಗೆ ಗಂಟು ಕಟ್ಟಿರುತ್ತದೆ. ಗಾದಿ ಮೇಲೆ ಎರಡು ಹಳೆ ಕೌದಿ ಮಡಚಿ ಹಾಕಿ, ಗಾಳಿ ಬಾರದ ಮೂಲೆಯಲ್ಲಿ ಇಡಿ. ನಮ್ಮವ್ವ ಹೊಲಿದ ಕೌದಿಯನ್ನೇ ಭೈರ್ಯಾನಿಗೆ ಹಾಕಿದ್ದೆ. ಬೈಯುತ್ತಾಳೆ ಅಂದುಕೊಂಡೆ, ಇನ್ನೊಂದು ತಂದು ಹೊದಿಸಿದಳು.

ಬೆಳಿಗ್ಗೆ ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಸೊಂಟಕ್ಕೆ 10 ನಿಮಿಷ ಇಡಿ. ಮೊದಲು ನಿಮ್ಮ ಕೈಗೆ ಹಿಡಿದು ಬಿಸಿ ನೋಡಿ. ಏಳುವಾಗ ಹೊಟ್ಟೆ ಕೆಳಗೆ ಟವೆಲ್ ಹಾಕಿ ಹಿಂಭಾಗ ಮೆಲ್ಲಗೆ ಎತ್ತಿ. ನಡೆಸುವುದನ್ನು ಮಾತ್ರ ನಿಲ್ಲಿಸಬೇಡಿ. ಒಂದೇ ಸಲ ದೂರ ಬೇಡ, ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ, ಮಣ್ಣಿನ ಮೇಲೆ.

ತಿಲಕವಾಡಿ ಲ್ಯಾಬ್, ಬೆಳಗಾವಿ

ಮೇಲಿನ ಅಣ್ಣಾರು ಎಲ್ಲಾ ಹೇಳಿದ್ದಾರೆ. ನಮ್ಮದು 12 ವರ್ಷದ ಲ್ಯಾಬ್ರಡಾರ್, ತೊಂದರೆ ಉಲ್ಟಾ. 41 ಕೆಜಿ ಇದ್ದ. ಮಕ್ಕಳು ಬಿಸ್ಕತ್ತು ಹಾಕುವುದನ್ನು ನಿಲ್ಲಿಸಿ, ಊಟ ಅಳೆದು ಹಾಕಿ, ಎಂಟು ತಿಂಗಳಲ್ಲಿ 34ಕ್ಕೆ ತಂದೆವು. ಔಷಧಿಗಿಂತ ಅದರಿಂದಲೇ ಜಾಸ್ತಿ ಗುಣ ಕಂಡಿತು. ಚಂಪಿಗೆ ತೂಕ ಇಳಿಸಬೇಕಾಗಿಲ್ಲ ಅನಿಸುತ್ತದೆ. ತೊಡೆಯ ಮಾಂಸ ಕರಗಿದೆಯಾ ನೋಡಿ. ಬರಿ ನುಚ್ಚು ಹಾಲು ಸಾಲದು. ಕಿಡ್ನಿ ಸರಿ ಇದೆ ಅಂತ ಗೊತ್ತಾದ ಮೇಲೆ ಬೇಯಿಸಿದ ಮೊಟ್ಟೆ, ಎಲುಬಿಲ್ಲದ ಕೋಳಿ ಸೇರಿಸಿ.

ಚಂಪಿಯ ಅವ್ವ, ಜಮಖಂಡಿ

ಅಣ್ಣಾರೆ, ಗುಳಿಗೆ ಕೊಡಲಿಲ್ಲ. ನಿಮ್ಮ ಭೈರ್ಯಾನ ಕತೆ ಅತ್ತೆಗೂ ಓದಿ ಹೇಳಿದೆ. ಮರುದಿನವೇ ಡಾಕ್ಟರಿಗೆ ತೋರಿಸಿದೆವು. ಸೊಂಟದ ಕೀಲು ಸವೆದಿದೆಯಂತೆ. ಉಣ್ಣೆ ಜ್ವರ ಇಲ್ಲ, ಕಿಡ್ನಿ ಚೆನ್ನಾಗಿದೆ. ಔಷಧಿ ಶುರುವಾಗಿ ಒಂಬತ್ತು ದಿನ ಆಯಿತು. ಜಮಖಾನ ಎರಡು ಸಾಲಲಿಲ್ಲ, ಮೂರನೆಯದು ಅತ್ತೆಯೇ ಟ್ರಂಕಿನಿಂದ ತೆಗೆದು ಕೊಟ್ಟರು. ಇವತ್ತು ರೊಟ್ಟಿ ಬಡಿಯುವಾಗ ಹಿಂದೆ ಬಿಸಿ ಉಸಿರು ತಾಗಿತು. ತಿರುಗಿ ನೋಡಿದರೆ ಚಂಪಿ! ಕಣ್ಣು ತುಂಬಿ ಬಂತು.

ಮೊಣಕೈ ಗಂಟು ನೀವು ಹೇಳಿದ ಹಾಗೇ ಇದೆ. ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಘಟಪ್ರಭಾ ದಂಡೆ, ಮುಧೋಳ

ಹಚ್ಚಿ ಅಕ್ಕಾರೆ, ರಾತ್ರಿ ಮಲಗುವಾಗ ತೆಳ್ಳಗೆ. ಕಾಲಿಗೆ ಅಂಟಿದ್ದು ಒರೆಸಿಬಿಡಿ, ಇಲ್ಲದಿದ್ದರೆ ಟೈಲ್ಸ್ ಮೇಲೆ ಮತ್ತೆ ಜಾರುತ್ತಾಳೆ. ಗಂಟು ಒಡೆದು ನೀರೋ ರಕ್ತವೋ ಬಂದರೆ ಎಣ್ಣೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.