ಆಟಗಾರರು ಮ್ಯಾನೇಜರ್ ಮಾತು ಕೇಳೋದು ಯಾವಾಗ?

ಲೆಫ್ಟ್‌ಬ್ಯಾಕ್_ಲೋಕಿ

ನಮ್ಮದು ಬೆಂಗಳೂರಿನ ಒಂದು ಸಣ್ಣ ಫುಟ್‌ಬಾಲ್ ಕ್ಲಬ್. ಭಾನುವಾರದ ಟೂರ್ನಮೆಂಟು, ಆಗಾಗ ಒಂದು ಸೆವೆನ್ಸ್ (ಏಳೇಳು ಜನರ ಮ್ಯಾಚು), ಅಷ್ಟೇ. ಹಳೇ ಕೋಚ್ ಕೆಲಸದ ಮೇಲೆ ಬೇರೆ ಊರಿಗೆ ಹೋದರು. ಮೊಣಕಾಲು ಹಾಳಾಗಿ ಆಡದೆ ಕೂತಿದ್ದ ನನ್ನ ತಲೆಗೆ ಎಲ್ಲ ಸೇರಿ ಜವಾಬ್ದಾರಿ ಕಟ್ಟಿದ್ದಾರೆ. ಚಿಕ್ಕ ಹುಡುಗರ ಜೊತೆ ತೊಂದರೆ ಇಲ್ಲ. ನನಗಿಂತ ಐದಾರು ವರ್ಷ ದೊಡ್ಡವರು ಕೆಲವರಿದ್ದಾರೆ, ಅವರದೇ ತಲೆನೋವು. ಡ್ರಿಲ್ ಹೇಳಿದರೆ ಪಕ್ಕದವನ ಮುಖ ನೋಡಿ ನಗ್ತಾರೆ. ಕಳೆದ ಮ್ಯಾಚಲ್ಲಿ ಸ್ಟಾಪರ್ (ನಡು ಡಿಫೆಂಡರ್) ಆಡೋ ಅಣ್ಣನ ಹಿಂದೆ ಹಿಂದೆಯೇ ಬಾಲ್ ಬೀಳ್ತಾ ಇತ್ತು, ಎರಡು ಗೋಲ್ ಹೋಯ್ತು, ಸರಿ ಅಂತ ಲೈನ್‌ನಿಂದ ಕೂಗಿ ಹೊರಗೆ ಕರೆದು ಇನ್ನೊಬ್ಬನನ್ನ ಇಳಿಸಿದೆ. ಶಿನ್‌ಗಾರ್ಡ್ ಕಿತ್ತು ಬಿಸಾಕಿ ಸೀದಾ ಬೈಕ್ ಹತ್ತಿ ಹೊರಟೇ ಹೋದರು. ಅವತ್ತಿಂದ ಗ್ರೂಪಲ್ಲಿ ಮೆಸೇಜೂ ಇಲ್ಲ.

ಕೇಳಬೇಕಾಗಿರೋದು ಇಷ್ಟು. ದೊಡ್ಡ ದೊಡ್ಡ ಮ್ಯಾನೇಜರ್‌ಗಳಿಗೆ ಆಟಗಾರರು ಯಾಕೆ ಬಗ್ಗುತ್ತಾರೆ? ಮ್ಯಾಂಚೆಸ್ಟರ್ ಯುನೈಟೆಡ್‌ನ ಹಳೇ ಮ್ಯಾನೇಜರ್ ಫರ್ಗುಸನ್ ಹಾಗೆ ಕಿರುಚಬೇಕಾ, ಅನ್ಚೆಲೊಟ್ಟಿ ಹಾಗೆ ಹುಬ್ಬು ಎತ್ತಿಕೊಂಡು ಸುಮ್ನೆ ನಿಂತಿರಬೇಕಾ? ಸ್ವತಃ ದೊಡ್ಡ ಆಟಗಾರ ಆಗಿದ್ದರೆ ಮಾತ್ರ ನಡೆಯುತ್ತಾ? ನಾನಂತೂ ಆಗಿರಲಿಲ್ಲ.

ಬೆಂಚ್_ಕಾಯೋನು

ನಿಮ್ಮ ಕಥೆ ಓದಿದ ಕೂಡಲೇ ನೆನಪಾಗಿದ್ದು 2011-12ರ ಚೆಲ್ಸಿ, ಲಂಡನ್ನಿನ ಕ್ಲಬ್ಬು.

ಆಂಡ್ರೆ ವಿಲ್ಲಾಸ್-ಬೋವಾಸ್ ಮ್ಯಾನೇಜರ್ ಆಗಿ ಬಂದಾಗ ವಯಸ್ಸು 33. ತಂಡದ ಸೀನಿಯರ್ ಆಟಗಾರ ಲ್ಯಾಂಪಾರ್ಡ್‌ಗೂ 33. ಹಿಂದಿನ ಸೀಸನ್ನಲ್ಲೇ ಪೋರ್ಚುಗಲ್‌ನ ಪೋರ್ಟೊ ತಂಡಕ್ಕೆ ಒಂದೂ ಸೋಲಿಲ್ಲದೆ ಲೀಗ್ ಗೆಲ್ಲಿಸಿ, ಯೂರೋಪಾ ಲೀಗೂ ಗೆಲ್ಲಿಸಿ ಬಂದಿದ್ದ, ಅಂದರೆ ತಲೆ ಇಲ್ಲದ ಮನುಷ್ಯ ಅಲ್ಲ. ಆದರೆ ಬಂದವನೇ ಡಿಫೆನ್ಸ್ ಲೈನನ್ನ ಗೋಲಿಂದ ದೂರ, ಮೇಲಕ್ಕೆ ತಳ್ಳಿದ. ಕ್ಯಾಪ್ಟನ್, ಡಿಫೆಂಡರ್ ಜಾನ್ ಟೆರಿ ಯಾವತ್ತೂ ಓಟಗಾರನಲ್ಲ, ಹಿಂದೆ ನಿಂತು ತಲೆ ಕೊಟ್ಟು ಗೆಲ್ಲಿಸೋ ಆಸಾಮಿ. ಅಕ್ಟೋಬರ್‌ನಲ್ಲಿ ಸ್ವಂತ ಮೈದಾನದಲ್ಲೇ ಆರ್ಸೆನಲ್ ಬಂದು 5-3ರಲ್ಲಿ ಹೊಡೆದು ಹೋಯ್ತು. ಅನೆಲ್ಕಾ, ಅಲೆಕ್ಸ್ ಇಬ್ಬರೂ ಕ್ಲಬ್ ಬಿಡ್ತೀವಿ ಅಂದಿದ್ದಕ್ಕೆ ಅವರನ್ನ ಮುಖ್ಯ ತಂಡದ ಪ್ರಾಕ್ಟೀಸಿಂದಲೇ ಹೊರಗಿಟ್ಟರು. ಅದನ್ನ ಉಳಿದವರು ನೋಡ್ತಾ ಇರ್ತಾರೆ ಅನ್ನೋದು ನೆನಪಿರಲಿ. ಫೆಬ್ರವರಿಯಲ್ಲಿ ನಾಪೋಲಿ ವಿರುದ್ಧದ ಚಾಂಪಿಯನ್ಸ್ ಲೀಗ್ ಮ್ಯಾಚು, ಲ್ಯಾಂಪಾರ್ಡ್, ಆಶ್ಲಿ ಕೋಲ್, ಎಸ್ಸಿಯನ್ ಮೂವರೂ ಬೆಂಚಲ್ಲಿ. 3-1 ಸೋಲು. ಮಾರ್ಚ್ ಮೊದಲ ವಾರದಲ್ಲಿ ಕೆಲಸ ಹೋಯ್ತು.

ಅಸಿಸ್ಟೆಂಟ್ ಆಗಿದ್ದ ಡಿ ಮಟ್ಟೆಯೊ ಕೈಗೆ ತಂಡ ಬಂತು. ಅದೇ ಆಟಗಾರರು. ನಾಪೋಲಿ ಜೊತೆ ಎರಡನೇ ಮ್ಯಾಚ್, ಎಕ್ಸ್‌ಟ್ರಾ ಟೈಮಲ್ಲಿ 4-1 ಗೆಲುವು. ಗೋಲ್ ಹೊಡೆದವರು ದ್ರೋಗ್ಬಾ, ಟೆರಿ, ಲ್ಯಾಂಪಾರ್ಡ್, ಇವಾನೋವಿಚ್. ನಾಲ್ಕರಲ್ಲಿ ಮೂರು ಹೆಸರು ಯಾರದು ನೋಡಿ. ಮೇ ತಿಂಗಳಲ್ಲಿ ಮ್ಯೂನಿಕ್‌ನಲ್ಲಿ, ಬಯಾರ್ನ್‌ನವರ ಮನೆಯಂಗಳದಲ್ಲೇ, ಪೆನಾಲ್ಟಿಯಲ್ಲಿ ಚಾಂಪಿಯನ್ಸ್ ಲೀಗ್ ಕಪ್ ಎತ್ತಿದರು.

ಹಾಗಂತ ಡಿ ಮಟ್ಟೆಯೊ ಬರೀ ಸೀನಿಯರ್‌ಗಳ ಕಾಲು ಹಿಡಿದ ಅಂದುಕೊಳ್ಳಬೇಡಿ. ಆ ಫೈನಲ್‌ನಲ್ಲಿ ಎಡಗಡೆ ಇಳಿಸಿದ್ದು ರಯನ್ ಬರ್ಟ್ರಾಂಡ್ ಅನ್ನೋ ಹುಡುಗನನ್ನ. ನಿಮ್ಮ ಹಾಗೇ ಲೆಫ್ಟ್‌ಬ್ಯಾಕು. ಅವನು ಆಡಿದ ಮೊಟ್ಟಮೊದಲ ಚಾಂಪಿಯನ್ಸ್ ಲೀಗ್ ಮ್ಯಾಚೇ ಫೈನಲ್ಲು!

ನಾನು ಕಾಲೇಜು ತಂಡದಲ್ಲಿ ಜಾಸ್ತಿ ಕಾಲ ಬೆಂಚಲ್ಲೇ ಕಳೆದವನು, ಹಾಗಾಗಿ ಇದೊಂದು ಖಂಡಿತ ಹೇಳ್ತೀನಿ. ಆಡೋ ಹನ್ನೊಂದು ಜನಕ್ಕೆ ಯಾವ ಕೋಚ್ ಆದರೂ ಒಳ್ಳೆಯವನೇ. ಕೋಚ್ ಎಂಥವನು ಅಂತ ಲೆಕ್ಕ ಹಾಕೋರು ಹೊರಗೆ ಕೂತವರು. ಯಾಕೆ ಕೂರಿಸಿದ್ದೀಯ ಅಂತ ಮುಖ ನೋಡಿ ಹೇಳಿದರೆ ಬೈಕೊಂಡಾದರೂ ಕೂರ್ತಾರೆ. ಗೋಡೆ ಮೇಲೆ ಅಂಟಿಸಿದ ಪಟ್ಟಿ ನೋಡಿ ತಿಳ್ಕೋಬೇಕಾದರೆ ಮುಗೀತು, ಅವತ್ತೇ ಇನ್ನೊಂದು ಪಾರ್ಟಿ ಶುರು ಆಗುತ್ತೆ.

ಸ್ಕೋರ್‌ಲೈನ್_ಸಿದ್ದ

ಇಷ್ಟುದ್ದ ಬರೆಯೋ ಅಗತ್ಯ ಇರಲಿಲ್ಲ ಬಿಡಿ. ಗೆದ್ದರೆ ಮರ್ಯಾದೆ, ಸೋತರೆ ಮನೆ. ಲೆಸ್ಟರ್‌ನ ಮ್ಯಾನೇಜರ್ ರನಿಯೇರಿ ಹುಡುಗರಿಗೆ ಪಿಜ್ಜಾ ಕೊಡಿಸಿ, ನಕ್ಕು ನಗಿಸಿ 2016ರಲ್ಲಿ ಲೀಗ್ ಗೆಲ್ಲಿಸಿದ, ಬೆಟ್ಟಿಂಗ್‌ನವರು 5000ಕ್ಕೆ 1 ಅಂತ ಕಟ್ಟಿದ್ದ ತಂಡ ಅದು. ಮರುವರ್ಷ ಫೆಬ್ರವರಿಗೆ ಹೊರಗೆ. ಮನುಷ್ಯ ಬದಲಾಗಿದ್ನಾ? ಇಲ್ಲ, ಪಾಯಿಂಟ್ಸ್ ಟೇಬಲ್ ಬದಲಾಗಿತ್ತು. ಆ ಡಿ ಮಟ್ಟೆಯೊನನ್ನೂ ಅದೇ ನವೆಂಬರ್‌ಗೆ ಕಳಿಸಿದರಲ್ವಾ, ಅದನ್ನ ಯಾಕೆ ಬರೀಲಿಲ್ಲ?

2003ರಲ್ಲಿ ಆರ್ಸೆನಲ್ ಹತ್ರ ಸೋತ ಸಿಟ್ಟಿಗೆ ಫರ್ಗುಸನ್ ಒದ್ದ ಬೂಟು ಬೆಕಮ್ ಹುಬ್ಬಿಗೆ ಬಡಿದು ಗಾಯ ಆಯ್ತು. ಆ ವರ್ಷ ಲೀಗ್ ಗೆದ್ದರು, ಹಾಗಾಗಿ ಅದು ಕಥೆ. ಸೋತಿದ್ದರೆ ಕೇಸು.

ಬೆಂಚ್_ಕಾಯೋನು

ಕ್ಲಬ್ ಮಾಲೀಕರು ತೆಗೆದು ಹಾಕೋದು ಬೇರೆ, ಆಟಗಾರರು ಕೈ ಬಿಡೋದು ಬೇರೆ. ನಾನು ಹೇಳ್ತಿರೋದು ಎರಡನೇದು. ಗೆದ್ದ ಮೇಲೆ ಮಾತ್ರ ಗೌರವ ಅಂದರೆ ಮೊದಲ ಗೆಲುವು ಎಲ್ಲಿಂದ ಬರುತ್ತೆ ಸ್ವಾಮಿ? ಫರ್ಗುಸನ್ 1986ರ ನವೆಂಬರ್‌ನಲ್ಲಿ ಬಂದರು, ಲೀಗ್ ಸಿಕ್ಕಿದ್ದು 1993ರಲ್ಲಿ. ನಡುವೆ ಅವರನ್ನ ಓಡಿಸಿ ಅಂತ ಸ್ಟೇಡಿಯಂನಲ್ಲಿ ಬ್ಯಾನರೇ ಹಿಡಿದಿದ್ದರು.

ಫರ್ಗುಸನ್ ವಿಷಯ ಬಂತು ಅಂತ ಒಂದು ಮಾತು. ಎಲ್ಲರಿಗೂ ಒಂದೇ ನಿಯಮ ಇಟ್ಟಿದ್ದರು ಅಂತ ಎಲ್ಲರೂ ಹೇಳ್ತಾರೆ, ಅದು ಪೂರ್ತಿ ನಿಜ ಅಲ್ಲ. ಅವರ ಸ್ಟಾರ್ ಆಟಗಾರ ಕಾಂಟೊನಾ 1995ರಲ್ಲಿ ಪ್ರೇಕ್ಷಕನಿಗೇ ಹಾರಿ ಒದ್ದ. ತಿಂಗಳುಗಟ್ಟಲೆ ನಿಷೇಧ ಬಿತ್ತು. ಬೇಸತ್ತು ಬಿಟ್ಟು ಹೋಗ್ತೀನಿ ಅಂದಾಗ ಫರ್ಗುಸನ್ ತಾವೇ ಪ್ಯಾರಿಸ್‌ಗೆ ಹೋಗಿ ಒಪ್ಪಿಸಿ ಕರೆತಂದರು. ಬೇರೆ ಯಾರಿಗೂ ಆ ರಿಯಾಯಿತಿ ಸಿಗ್ತಿರಲಿಲ್ಲ. ಆದರೂ ಉಳಿದವರು ಮುಖ ಸಿಂಡರಿಸಲಿಲ್ಲ, ಯಾಕಂದರೆ ಅವನಿದ್ದರೆ ತಮಗೇ ಕಪ್ ಅಂತ ಗೊತ್ತಿತ್ತು. ಮುಂದಿನ ಸೀಸನ್‌ನಲ್ಲಿ ಲೀಗು, ಎಫ್‌ಎ ಕಪ್ಪು ಎರಡೂ ಬಂತು. ಕಪ್ ಫೈನಲ್‌ನ ಒಂದೇ ಒಂದು ಗೋಲು ಕಾಂಟೊನಾದೇ.

ನಾಟಿಂಗ್‌ಹ್ಯಾಮ್_ಕನ್ನಡಿಗ

ಕೆಲಸದ ಮೇಲೆ ಬಂದು ಇಲ್ಲೇ ಉಳಿದವನು. ಈ ಊರಿನ ಮಾರ್ಕೆಟ್ ಸ್ಕ್ವೇರ್ ಹತ್ರ ಹಳೇ ಮ್ಯಾನೇಜರ್ ಬ್ರಯಾನ್ ಕ್ಲಫ್ ಪ್ರತಿಮೆ ಇದೆ. ಇಲ್ಲಿಂದ ಡಾರ್ಬಿಗೆ ಹೋಗೋ ರಸ್ತೆಗೂ ಅವರದೇ ಹೆಸರು. ನಿಮ್ಮ ಪ್ರಶ್ನೆಯ ಎರಡೂ ಕಡೆಗೆ ಆ ಒಬ್ಬ ಮನುಷ್ಯನ ಬದುಕಲ್ಲೇ ಉತ್ತರ ಸಿಗುತ್ತೆ.

1974ರಲ್ಲಿ ಕ್ಲಫ್ ಲೀಡ್ಸ್‌ಗೆ ಹೋದರು. ಲೀಡ್ಸ್ ಆಗ ತಾನೇ ಚಾಂಪಿಯನ್. ಅದಕ್ಕೂ ಮುಂಚೆ ವರ್ಷಗಟ್ಟಲೆ ಅದೇ ತಂಡ ಒರಟಾಟ ಆಡುತ್ತೆ ಅಂತ ಪೇಪರಲ್ಲಿ, ಟಿವಿಯಲ್ಲಿ ಬೈದಿದ್ದರು. ಬಂದ ಮೇಲೆ ಅವರಿಗೆ ಹೇಳಿದ್ದು, ನಿಮ್ಮ ಮೆಡಲ್ ಎಲ್ಲ ಕಸದ ಬುಟ್ಟಿಗೆ ಹಾಕಿ, ಯಾವುದೂ ನೇರವಾಗಿ ಗೆದ್ದಿದ್ದಲ್ಲ ಅಂತ. 44 ದಿನ. ಅಷ್ಟರಲ್ಲೇ ಆಟ ಮುಗೀತು. ಇಂಗ್ಲೆಂಡ್ ತಂಡಕ್ಕೆ ಆಡಿದ ಸ್ಟ್ರೈಕರ್, ಡಾರ್ಬಿಗೆ 1972ರಲ್ಲಿ ಲೀಗ್ ಗೆಲ್ಲಿಸಿದ್ದ ಮ್ಯಾನೇಜರ್, ಇಷ್ಟೆಲ್ಲ ಇದ್ದೂ ಯಾವುದೂ ಕೈ ಹಿಡೀಲಿಲ್ಲ.

ಮುಂದಿನ ಜನವರಿಯಲ್ಲಿ ಎರಡನೇ ಡಿವಿಷನ್‌ನಲ್ಲಿ ಒದ್ದಾಡ್ತಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಬಂದರು. ಅಲ್ಲಿ ಜಾನ್ ರಾಬರ್ಟ್‌ಸನ್ ಅನ್ನೋ ಆಟಗಾರ ಇದ್ದ. ಮೈ ಸ್ವಲ್ಪ ದಪ್ಪ, ಬಾಯಲ್ಲಿ ಸಿಗರೇಟು, ಬಟ್ಟೆಬರೆ ನೆಟ್ಟಗಿಲ್ಲ, ಓಟ ಅಷ್ಟಕ್ಕಷ್ಟೆ. ಕ್ಲಫ್ ಮತ್ತು ಜೊತೆಗಾರ ಪೀಟರ್ ಟೇಲರ್ ಅವನನ್ನ ಎಲ್ಲರ ಮುಂದೆ ಚೆನ್ನಾಗಿ ಉಗಿದರು, ನಿಜ. ಆದರೆ ಉಗಿದು ಬಿಟ್ಟು ಬಿಡಲಿಲ್ಲ. ಎಡ ವಿಂಗ್‌ಗೆ ಹಾಕಿ, ಬಾಲ್ ಸಿಕ್ಕರೆ ಮೊದಲು ಅವನಿಗೆ ಕೊಡಿ ಅಂತ ಇಡೀ ತಂಡಕ್ಕೆ ಹೇಳಿದರು. ಓಡಬೇಕು, ಟ್ಯಾಕಲ್ ಮಾಡಬೇಕು ಅಂತ ಅವನ ಕೈಲಿ ಆಗದ್ದನ್ನ ಕೇಳಲೇ ಇಲ್ಲ, ಆಗೋದನ್ನ ಮಾತ್ರ ಕೇಳಿದರು. 1979ರ ಯೂರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್‌ನಲ್ಲಿ ಗೆಲುವಿನ ಗೋಲಿಗೆ ಕ್ರಾಸ್ ಹಾಕಿದ್ದು ಆ ರಾಬರ್ಟ್‌ಸನ್. 1980ರ ಫೈನಲ್‌ನಲ್ಲಿ ಒಂದೇ ಗೋಲು, ಅದನ್ನ ಹೊಡೆದಿದ್ದೂ ಅವನೇ. ಕೆನ್ನಿ ಬರ್ನ್ಸ್ ಅಂತ ಇನ್ನೊಬ್ಬ ಇದ್ದ, ಜಗಳಗಂಟ ಅಂತ ಹೆಸರಾದ ಫಾರ್ವರ್ಡ್. ಅವನನ್ನ ಡಿಫೆಂಡರ್ ಮಾಡಿದರು. 1978ರಲ್ಲಿ ವರ್ಷದ ಆಟಗಾರ ಪ್ರಶಸ್ತಿ ಅವನಿಗೇ ಬಂತು.

ಕ್ಲಫ್ ಬಾಯಿ ಎರಡೂ ಕಡೆ ಒಂದೇ. ಲೀಡ್ಸ್‌ನಲ್ಲಿ ಆಟಗಾರರು ಮಾಡಿದ್ದನ್ನ ಚಿಲ್ಲರೆ ಮಾಡಿದರು, ಇಲ್ಲಿ ಆಟಗಾರರಿಂದ ಏನಾಗುತ್ತೆ ಅಂತ ತೋರಿಸಿದರು. ಬೈಗುಳ ಎಷ್ಟು ಜೋರು ಅನ್ನೋದನ್ನ ಯಾರು ನೆನಪಿಟ್ಕೋತಾರೆ.

ಲೆಫ್ಟ್‌ಬ್ಯಾಕ್_ಲೋಕಿ

ಎಲ್ಲಾ ಸರಿ ಅಣ್ಣ, ಆದರೆ ಕ್ಲಫ್ ಇಂಗ್ಲೆಂಡ್‌ಗೆ ಆಡಿದವರು, ಡಿ ಮಟ್ಟೆಯೊ ಇಟಲಿಗೆ ಆಡಿದವನು. ನಾನು ಏನೂ ಅಲ್ಲ. ಬಾಲ್ ಹೇಗೆ ಹೊಡೀಬೇಕು ಅಂತ ಹೇಳೋಕೆ ಹೋದರೆ ನೀನು ಹೊಡೆದು ತೋರ್ಸು ಅಂತಾರೆ.

ಝೋನಲ್_ಮಾರ್ಕಿಂಗ್

ಇಟಲಿಯ ಕೋಚ್ ಅರ್ರೀಗೊ ಸಾಕ್ಕಿ. ಶೂ ಮಾರುತ್ತಿದ್ದ ಮನುಷ್ಯ, ವೃತ್ತಿಪರವಾಗಿ ಒಂದು ಮ್ಯಾಚೂ ಆಡಿದವರಲ್ಲ. 1987ರಲ್ಲಿ ಎಸಿ ಮಿಲಾನ್‌ಗೆ ಬಂದಾಗ ಎದುರಿಗೆ ಬರೇಸಿ, ಮಾಲ್ದೀನಿ, ಗುಲ್ಲಿಟ್, ವಾನ್ ಬಾಸ್ಟನ್. ನಿಮ್ಮ ಸೀನಿಯರ್‌ಗಳಿಗಿಂತ ಸ್ವಲ್ಪ ಕಷ್ಟದ ಗಿರಾಕಿಗಳು ಅಂತಿಟ್ಟುಕೊಳ್ಳಿ.

ಅವರೇ ಹೇಳಿಕೊಂಡ ಒಂದು ಘಟನೆ ಇದೆ. ನಿಮ್ಮ ವ್ಯವಸ್ಥೆಗಿಂತ ಪ್ರತಿಭೆ ದೊಡ್ಡದು ಅಂತ ಗುಲ್ಲಿಟ್, ವಾನ್ ಬಾಸ್ಟನ್ ವಾದಕ್ಕೆ ಬಂದಾಗ ಸಾಕ್ಕಿ ಜಗಳ ಆಡಲಿಲ್ಲ. ಮೈದಾನಕ್ಕೆ ಕರೆದುಕೊಂಡು ಹೋದರು. ಒಂದು ಕಡೆ ಐದೇ ಜನ, ಗೋಲ್‌ಕೀಪರ್ ಗಲ್ಲಿ, ಮುಂದೆ ನಾಲ್ಕು ಡಿಫೆಂಡರ್‌ಗಳು. ಇನ್ನೊಂದು ಕಡೆ ಹತ್ತು ಜನ, ಈ ಇಬ್ಬರು ಡಚ್ಚರೂ ಸೇರಿ. ಹದಿನೈದು ನಿಮಿಷ ಟೈಮು, ಹೇಗಾದರೂ ಗೋಲ್ ಹೊಡೀರಿ, ಬಾಲ್ ಕಳಕೊಂಡರೆ ಮಾತ್ರ ಮತ್ತೆ ನಿಮ್ಮ ಅರ್ಧದಿಂದ ಶುರು ಮಾಡಬೇಕು. ಒಂದೂ ಗೋಲ್ ಬೀಳಲಿಲ್ಲವಂತೆ. ಎಷ್ಟು ಸಲ ಮಾಡಿಸಿದರೂ ಬೀಳಲಿಲ್ಲವಂತೆ. 1988ರಲ್ಲಿ ಲೀಗು, 1989, 1990 ಎರಡು ವರ್ಷ ಯೂರೋಪಿಯನ್ ಕಪ್ಪು. ಅಂದಹಾಗೆ ಆ ಹತ್ತು ಜನರಲ್ಲಿ ಅನ್ಚೆಲೊಟ್ಟಿನೂ ಇದ್ದರು. ಮುಂದೆ ಮ್ಯಾನೇಜರ್ ಆಗಿ ಐದು ಸಲ ಚಾಂಪಿಯನ್ಸ್ ಲೀಗ್ ಗೆದ್ದ ಅದೇ ಹುಬ್ಬಿನವರು.

ಹಾಗಾಗಿ ಬಾಲ್ ಹೊಡೆದು ತೋರಿಸೋ ಚಿಂತೆ ಬಿಡಿ. ನೀವು ಹೇಳಿದ ಹಾಗೆ ನಿಂತರೆ ಗೋಲ್ ಬೀಳಲ್ಲ ಅಂತ ನಗೋರಿಗೇ ಒಂದು ಸಲ ಪ್ರಾಕ್ಟೀಸಲ್ಲಿ ಗೊತ್ತಾಗಬೇಕು, ಅಷ್ಟೇ. ಬೀಳುತ್ತೆ ಅಂತಾದರೆ ನಿಮ್ಮ ಡ್ರಿಲ್ ಸರಿಯಿಲ್ಲ, ಅವರು ನಗೋದ್ರಲ್ಲಿ ತಪ್ಪೇನಿಲ್ಲ.

ಹಳೇ_ಸ್ಟಾಪರ್

ತಮ್ಮಾ, ನಾನು ಆಸ್ಟಿನ್ ಟೌನ್ ಕಡೆಯವನು. ಇಲ್ಲಿ ಎಲ್ಲ ಯೂರೋಪು ಸುತ್ತಿ ಬಂದಿರಿ, ನಮ್ಮ ರಹೀಮ್ ಸಾಹೇಬರ ಹೆಸರು ಒಬ್ಬರೂ ಎತ್ತಲಿಲ್ಲವಲ್ಲ.

ಸಯ್ಯದ್ ಅಬ್ದುಲ್ ರಹೀಮ್, ಹೈದರಾಬಾದಿನವರು, ವೃತ್ತಿಯಲ್ಲಿ ಮೇಷ್ಟ್ರು, ಭಾರತ ತಂಡದ ಕೋಚ್. 1951ರಲ್ಲಿ ದೆಹಲಿ ಏಷ್ಯನ್ ಗೇಮ್ಸ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, 1962ರಲ್ಲಿ ಜಕಾರ್ತಾದಲ್ಲಿ ಮತ್ತೆ ಚಿನ್ನ. ಜಕಾರ್ತಾದಲ್ಲಿ ಮೊದಲ ಮ್ಯಾಚೇ ದಕ್ಷಿಣ ಕೊರಿಯಾ ಹತ್ರ 2-0 ಸೋಲು. ಥಾಯ್ಲೆಂಡ್ ವಿರುದ್ಧ ಆಡುವಾಗ ಸ್ಟಾಪರ್ ಜರ್ನೈಲ್ ಸಿಂಗ್ ತಲೆ ಒಡೆದು ಹೊಲಿಗೆ ಬಿತ್ತು. ಆ ತಲೆ ಇಟ್ಟುಕೊಂಡು ಡಿಫೆನ್ಸ್ ಆಡೋದು ಕಷ್ಟ. ರಹೀಮ್ ಸಾಹೇಬರು ಅವರನ್ನ ಕೂರಿಸಲಿಲ್ಲ, ಸೆಂಟರ್ ಫಾರ್ವರ್ಡ್ ಮಾಡಿದರು! ಸೆಮಿಫೈನಲ್‌ನಲ್ಲೂ ಗೋಲ್ ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಫೈನಲ್‌ನಲ್ಲಿ ಎದುರಾಳಿ ಅದೇ ಕೊರಿಯಾ, 2-1 ಗೆಲುವು, ಇನ್ನೊಂದು ಗೋಲು ಪಿ.ಕೆ. ಬ್ಯಾನರ್ಜಿಯದು. ಸ್ಟೇಡಿಯಂ ಪೂರ್ತಿ ನಮ್ಮ ವಿರುದ್ಧ ಕೂಗ್ತಿತ್ತು. ಸಾಹೇಬರ ಮೈಯಲ್ಲಿ ಆಗಲೇ ಆರೋಗ್ಯ ಇರಲಿಲ್ಲ, ಮರುವರ್ಷ ಕ್ಯಾನ್ಸರ್‌ನಲ್ಲಿ ತೀರಿಹೋದರು.

ತಲೆಗೆ ಹೊಲಿಗೆ ಹಾಕಿಸಿಕೊಂಡ ಸ್ಟಾಪರ್ ಹೋಗಿ ಹೆಡ್ಡರ್ ಹೊಡೆಯೋ ಜಾಗದಲ್ಲಿ ನಿಲ್ಲು ಅಂದರೆ ನಿಲ್ತಾನೆ ಅಂದರೆ ಆ ಕೋಚ್ ಮೇಲೆ ಎಷ್ಟು ನಂಬಿಕೆ ಇರಬೇಕು ಯೋಚನೆ ಮಾಡು. ಅದು ಒಂದು ದಿನದಲ್ಲಿ ಬಂದಿದ್ದಲ್ಲ, ಆ ಹೊತ್ತಿಗೆ ಅವರು ಹನ್ನೆರಡು ವರ್ಷದಿಂದ ಕೋಚು.

ನಿನ್ನ ಶಿನ್‌ಗಾರ್ಡ್ ಅಣ್ಣನ ವಿಷಯ. ವಯಸ್ಸಾದ ಸ್ಟಾಪರ್‌ಗೆ ಬಾಲ್ ಹಿಂದೆ ಬೀಳೋದು ಗೊತ್ತಿರುತ್ತೆ, ನೀನು ಹೇಳೋದಕ್ಕಿಂತ ಮುಂಚೆನೇ ಗೊತ್ತಿರುತ್ತೆ. ವಾಟ್ಸ್ಯಾಪ್ ಮಾಡಬೇಡ. ಹೋಗಿ ಮಾತಾಡು. ಕ್ಷಮೆ ಕೇಳೋಕೂ ಹೋಗಬೇಡ, ಪಾಠ ಹೇಳೋಕೂ ಹೋಗಬೇಡ, ಹಿಂದಿನ ಲೈನ್ ಹೇಗೆ ನಿಲ್ಲಿಸೋಣ ಅಂತ ಕೇಳು.

ಲೆಫ್ಟ್‌ಬ್ಯಾಕ್_ಲೋಕಿ

ಅಪ್ಡೇಟ್. ಹೋಗಿದ್ದೆ. ಗ್ರೌಂಡ್ ಪಕ್ಕದ ಟೀ ಅಂಗಡಿಯಲ್ಲೇ ಸಿಕ್ಕರು. ಹತ್ತು ನಿಮಿಷ ಬರೀ ಟ್ರಾಫಿಕ್ ಬಗ್ಗೆ ಮಾತು. ಆಮೇಲೆ ಅವರೇ ಬಾಯಿ ಬಿಟ್ಟರು. ಹೊರಗೆ ತೆಗೆದಿದ್ದಕ್ಕೆ ಬೇಜಾರಿಲ್ಲವಂತೆ, ಮೊಣಕಾಲು ಅವರದೂ ನೋಯ್ತಿತ್ತಂತೆ. ಅವತ್ತು ಮಗನನ್ನ ಮೊದಲ ಸಲ ಮ್ಯಾಚ್ ನೋಡೋಕೆ ಕರೆದುಕೊಂಡು ಬಂದಿದ್ದರಂತೆ. ನಾನು ಲೈನ್‌ನಿಂದ ಹೆಸರು ಹಿಡಿದು ಕೂಗಿದಾಗ ಆ ಹುಡುಗ ನನ್ನ ಪಕ್ಕದಲ್ಲೇ ನಿಂತಿದ್ದ. ನನಗೆ ಯಾರ ಮಗ ಅಂತಾನೂ ಗೊತ್ತಿರಲಿಲ್ಲ.

ಭಾನುವಾರ ಬರ್ತಾರೆ. ಅರ್ಧ ಮ್ಯಾಚ್ ಆಡಿ, ಆಮೇಲೆ ಲೈನ್ ಪಕ್ಕ ನಿಂತು ಡಿಫೆನ್ಸ್‌ನ ಅವರೇ ನೋಡ್ಕೋತಾರಂತೆ. ಹತ್ತು ಜನ ವರ್ಸಸ್ ಐದು ಜನದ ಆ ಡ್ರಿಲ್ಲನ್ನೂ ಈ ವಾರ ಮಾಡಿಸಿದೆ. ನಮಗೆ ಮೂರು ಗೋಲ್ ಬಿತ್ತು ಝೋನಲ್ ಅಣ್ಣ, ಆದರೆ ಯಾರೂ ನಗಲಿಲ್ಲ, ಮೂರನೇದು ಆಫ್‌ಸೈಡಾ ಅಲ್ವಾ ಅಂತ ಕತ್ತಲಾಗೋವರೆಗೂ ಜಗಳ ನಡೀತು.

ಹೊಸ ತಲೆನೋವು ಒಂದು ಶುರುವಾಗಿದೆ. ಯಾರೋ ಈ ಥ್ರೆಡ್‌ನ ನಮ್ಮ ಗೋಲ್‌ಕೀಪರ್‌ಗೆ ಕಳಿಸಿದ್ದಾರೆ. ಜರ್ನೈಲ್ ಸಿಂಗ್ ಹೋಗಬಹುದಾದರೆ ನಾನ್ಯಾಕೆ ಫಾರ್ವರ್ಡ್ ಹೋಗಬಾರದು ಅಂತ ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದಾನೆ.