ಮಣಿ ನೇಯ್ಗೆ: ಬೆಸ ಸಂಖ್ಯೆಯಲ್ಲಿ ಅಂಚು ತಿರುಗಿಸೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ, ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಪೆಯೋಟಿ ಹೊಲಿಗೆಯಲ್ಲಿ (ಬಟ್ಟೆ ಇಲ್ಲದೆ, ಬರೀ ಸೂಜಿ-ದಾರದಿಂದ ಮಣಿಗೆ ಮಣಿ ಹೆಣೆಯುವ ವಿಧಾನ) ಬ್ರೇಸ್‌ಲೆಟ್ ನೇಯೋದು ಕಲಿಯುತ್ತಿದ್ದೇನೆ. ಮಣಿ 11ನೇ ಸೈಜು, ಸೂಜಿ 10ನೇ ನಂಬರ್.

8 ಮಣಿ ಪೋಣಿಸಿ ಶುರು ಮಾಡಿದರೆ ತೊಂದರೆಯೇ ಇಲ್ಲ. ಒಂದು ಮಣಿ ತಗೊಂಡು, ಒಂದು ಬಿಟ್ಟು, ಮುಂದಿನದರಲ್ಲಿ ಸೂಜಿ ತೂರಿಸುತ್ತಾ ಹೋದರೆ ಆಯ್ತು. ಆದರೆ ನಟ್ಟನಡುವೆ ವಜ್ರದ ಆಕಾರ ಕೂರಬೇಕು ಅಂದರೆ ಬೆಸ ಸಂಖ್ಯೆ ಬೇಕಲ್ವಾ? ಅದಕ್ಕೇ 9 ಹಾಕಿದೆ. ಮೂರನೇ ಸಾಲಿನ ಕೊನೆಯ ಮಣಿ, ದಾರದ ತುದಿ ಬಿಟ್ಟಿರುವ ಕಡೆ, ಅಂಚಿನಲ್ಲಿ ಸುಮ್ನೆ ನೇತಾಡುತ್ತದೆ. ಸೂಜಿ ತೂರಿಸೋಕೆ ಮುಂದೆ ಮಣಿಯೇ ಇಲ್ಲ!

ತುದಿ ದಾರಕ್ಕೆ ಗಂಟು ಹಾಕಿದೆ, ಅಂಚು ಸಡಿಲ. ಅಕ್ಕಪಕ್ಕದ ಮಣಿಗಳೊಳಗೆ ಎಂಟರ ಆಕಾರದಲ್ಲಿ ಸುತ್ತಿ ಬಂದೆ, ಗಟ್ಟಿಯಾಯ್ತು. ಆದರೆ ಪ್ರತಿ ಸಲ ಹಾಗೇ ಮಾಡಿದರೆ ರಂಧ್ರದಲ್ಲಿ ದಾರ ಜಾಸ್ತಿಯಾಗಿ ಸೂಜಿ ನುಗ್ಗುವುದಿಲ್ಲ. ಒಂದು ಮಣಿ ಪಟ್ ಅಂತ ಒಡೆದೇ ಹೋಯ್ತು. ಪೇಟೆಯಲ್ಲಿ ಕೇಳಿದರೆ ಆರಿ ಸೂಜಿ ತೋರಿಸುತ್ತಾರೆ, ಅದು ಬಟ್ಟೆ ಮೇಲಿನ ಕೆಲಸಕ್ಕೆ.

ಎಂಟರ ಸುತ್ತು ಮೊದಲ ಸಲ ಮಾತ್ರ ಸಾಕಾ? ಆಮೇಲೆ ಆ ಅಂಚಿಗೆ ಬಂದಾಗಲೆಲ್ಲ ಕೆಳಗಿನ ಮಣಿಗಳ ನಡುವಿನ ದಾರಕ್ಕೆ ಸೂಜಿ ಸಿಕ್ಕಿಸಿ ವಾಪಸ್ ಬಂದರೆ ನಿಲ್ಲುತ್ತಾ? ಮಾಡಿ ನೋಡಿದವರು ಹೇಳಿ.