ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಬರುವುದು ಶಕ್ತಿಯೋ, ಸಾಮರ್ಥ್ಯವೋ?

ಗೆಳೆಯರೇ, ವೈರಿಂಗ್ ಕಲಿಯುವ ಹುಡುಗರಿಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ಒಂದು ಪದ ಮುಂದಕ್ಕೆ ಹೋಗಲು ಬಿಡುತ್ತಿಲ್ಲ.

ಲೆಕ್ಕವೇನೋ ಸುಲಭ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಅದು ಓಮ್‌ಗಳಲ್ಲಿ. ಎರಡನ್ನೂ ಗುಣಿಸಿದರೆ ಬರುವುದು ವಾಟ್. ಈ ವಾಟ್‌ನಲ್ಲಿ ಅಳೆಯುವುದಕ್ಕೆ ಏನು ಹೆಸರು?

ಶಕ್ತಿ ಅನ್ನೋಣ ಅಂದರೆ ಆ ಪದ ಜೂಲ್‌ಗಳಲ್ಲಿ ಅಳೆಯುವುದಕ್ಕೆ ಆಗಲೇ ಗೊತ್ತಾಗಿದೆ. ಕರೆಂಟ್ ಬಿಲ್ಲಿನ ಯೂನಿಟ್ ಕೂಡ ಶಕ್ತಿಯೇ. ಸಾವಿರ ವಾಟ್‌ನ ಹೀಟರ್ ಒಂದು ಗಂಟೆ ಉರಿದರೆ ಒಂದು ಯೂನಿಟ್, ಅಂದರೆ 36 ಲಕ್ಷ ಜೂಲ್. ವಾಟಿಗೂ ಯೂನಿಟ್ಟಿಗೂ ಒಂದೇ ಪದ ಹಚ್ಚಿದರೆ, ಗಂಟೆಯಿಂದ ಯಾಕೆ ಗುಣಿಸಬೇಕು ಅನ್ನುವುದೇ ಕಲಿಯುವವರಿಗೆ ಹೊಳೆಯುವುದಿಲ್ಲ.

ಅದಕ್ಕೇ ಇರಬೇಕು, ಶಾಲೆಯ ಪಾಠಗಳಲ್ಲಿ ‘ವಿದ್ಯುತ್ ಸಾಮರ್ಥ್ಯ’ ಅಂತ ಬಳಸುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ. 230 ವೋಲ್ಟಿಗೆ 2000 ವಾಟ್ ಅಂತ ಬರೆದಿರುವ ಗೀಸರ್ ತೆಗೆದುಕೊಳ್ಳಿ. ಅದು ಎಳೆಯುವ ಕರೆಂಟ್ ಸುಮಾರು 8.7 ಆಂಪಿಯರ್, ಕಾಯಿಲಿನ ರೋಧ ಸುಮಾರು 26.5 ಓಮ್. ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಕಾಯಿಲ್ ಅದೇ, ರೋಧವೂ ಹೆಚ್ಚುಕಡಿಮೆ ಅದೇ, ಆದ್ದರಿಂದ ಕರೆಂಟ್ 6.8 ಆಂಪಿಯರಿಗೆ ಇಳಿಯುತ್ತದೆ, ಗುಣಿಸಿದರೆ ಬರುವುದು ಸುಮಾರು 1225 ವಾಟ್ ಮಾತ್ರ. ಈಗ ಹೇಳಿ, ಗೀಸರಿನ ಸಾಮರ್ಥ್ಯ ಎಷ್ಟು? ಯಾರನ್ನು ಕೇಳಿದರೂ 2000 ಅಂತಲೇ ಹೇಳುತ್ತಾರೆ, ಯಾಕೆಂದರೆ ಕನ್ನಡದಲ್ಲಿ ಸಾಮರ್ಥ್ಯ ಅಂದರೆ ಮಾಡಬಲ್ಲದ್ದು, ಈ ಗಳಿಗೆಯಲ್ಲಿ ಮಾಡುತ್ತಿರುವುದಲ್ಲ. ಗುಣಾಕಾರ ಕೊಡುವುದು ಮಾಡುತ್ತಿರುವುದನ್ನು. ನೀರು ಬೇಗ ಕಾಯುತ್ತಿಲ್ಲ ಯಾಕೆ ಅಂತ ಹುಡುಗರಿಗೆ ವಿವರಿಸಬೇಕಾದ ಜಾಗದಲ್ಲೇ ಪದ ಕೈಕೊಡುತ್ತದೆ.

ಕೆಲಸ ಮಾಡುವವರು ಈ ಎರಡನ್ನೂ ಸಲೀಸಾಗಿ ಬೇರೆ ಮಾಡುತ್ತಾರೆ. ‘ಎರಡು ಸಾವಿರ ವಾಟ್‌ದು, ಈಗ ಸಾವಿರದಿನ್ನೂರು ಎಳೀತಿದೆ’ ಅನ್ನುತ್ತಾರೆ. ‘ಎಳೆಯುವುದು’ ನನಗೆ ಬಹಳ ಹಿಡಿಸಿದ ಮಾತು. ಕರೆಂಟಿಗೂ ಅದನ್ನೇ ಬಳಸುತ್ತಾರೆ: ವೋಲ್ಟೇಜ್ ಕಡಿಮೆಯಾದಾಗ ಪಂಪ್‌ಸೆಟ್ ಮೋಟಾರ್ ಜಾಸ್ತಿ ಆಂಪ್ಸ್ ಎಳೆಯುತ್ತೆ, ವೈಂಡಿಂಗ್ ಸುಟ್ಟುಹೋಗುತ್ತೆ ಅಂತ. (ಮೋಟಾರಿಗೆ ಗೀಸರಿನ ಲೆಕ್ಕ ಹಾಗೇ ಹೊಂದುವುದಿಲ್ಲ. ಅಲ್ಲಿ ವೋಲ್ಟೇಜ್, ಕರೆಂಟ್ ಎರಡನ್ನೇ ಗುಣಿಸಿದರೆ ಸಾಲದು, ಪವರ್ ಫ್ಯಾಕ್ಟರ್ ಅನ್ನುವ ಇನ್ನೊಂದು ಅಂಕಿಯಿಂದಲೂ ಗುಣಿಸಬೇಕು, ಅದು ಬೇರೆ ಪಾಠ.) ಆದರೆ ‘ಎಳೆತ’ ಅಂತ ನಾಮಪದ ಮಾಡಿದರೆ ಅದು ಬಲದ ಕಡೆ ಜಾರುತ್ತದೆ, ಅಲ್ವಾ?

ಸದ್ಯಕ್ಕೆ ನಾನು ಹೀಗೆ ಮಾಡಿದ್ದೇನೆ. ಗೀಸರ್ ಮೇಲೆ ಬರೆದಿರುವ ಅಂಕಿಗೆ ಸಾಮರ್ಥ್ಯ, ಗುಣಿಸಿ ಬಂದದ್ದಕ್ಕೆ ಸುಮ್ನೆ ಪವರ್. ಪವರ್ ಯಾರಿಗೂ ಹೊಸದಲ್ಲ, ಶಕ್ತಿಯ ಜೊತೆ ಬೆರೆಯುವುದೂ ಇಲ್ಲ. ‘ಬಳಕೆಯ ದರ’ ಅಂತಲೂ ಯೋಚಿಸಿದೆ, ಆದರೆ ದರ ಅಂದ ತಕ್ಷಣ ಯೂನಿಟ್ಟಿಗೆ ಎಷ್ಟು ರೂಪಾಯಿ ಅನ್ನುವ ಕಡೆಗೆ ಮನಸ್ಸು ಹೋಗುತ್ತದೆ.

ರೋಧವೋ ಪ್ರತಿರೋಧವೋ ಅನ್ನುವುದರಲ್ಲಿ ನನ್ನ ಮತ ರೋಧಕ್ಕೆ. ಚಿಕ್ಕದು, ರೋಧಕ, ರೋಧಶೀಲತೆ ಎಲ್ಲ ಅದರಿಂದಲೇ ಬರುತ್ತವೆ.

ಪವರ್‌ಗೆ ಬೇರೆ ಪದ ಗೊತ್ತಿದ್ದರೆ ತಿಳಿಸಿ. ನಿಮ್ಮೂರಿನ ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ, ಸಬ್‌ಸ್ಟೇಷನ್ನಿನಲ್ಲಿ ಏನನ್ನುತ್ತಾರೆ ಅನ್ನುವುದು ನನಗೆ ನಿಘಂಟಿಗಿಂತ ಮುಖ್ಯ.